ತಿದ್ದಿಬರೆಯಬೇಕೆ ಎಂದು ಕೇಳಿದ ಕಂಪ್ಯೂಟರ್

ಈಚೆಗೆ ನನ್ನ ಹಳೆಯ ಕಚೇರಿಯವರು ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟಿದ್ದರು, ‘ಡಿಜಿಟಲ್ ಆರ್ಕೈವಿಸ್ಟ್ ಬೇಕಾಗಿದ್ದಾರೆ’ ಎಂದು. ಕೆಲಸದ ವಿವರ ಓದುತ್ತಾ ಹೋದಂತೆ ನನಗೆ ಗಾಬರಿಯಾಯಿತು. ಅದೆಲ್ಲ ನಾನೇ ಇಪ್ಪತ್ತಾರು ವರ್ಷ ಮಾಡಿದ ಕೆಲಸ. ನನ್ನ ಕಾಲದಲ್ಲಿ ಆ ಹುದ್ದೆಗೆ ಇಷ್ಟು ಒಳ್ಳೆಯ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಧ್ವನಿ ಸಹಾಯಕಿ’ ಎಂದಿತ್ತು. ಬಂದುಹೋಗುವವರು ‘ಕ್ಯಾಸೆಟ್ ಮೇಡಂ’ ಎನ್ನುತ್ತಿದ್ದರು. ಯಾರ ಧ್ವನಿಗೆ ಸಹಾಯ ಮಾಡಬೇಕು ಎಂದು ಯಾರೂ ಬರೆದುಕೊಟ್ಟಿರಲಿಲ್ಲವಾದ್ದರಿಂದ ಮೊದಲ ಆರು ತಿಂಗಳು ಕಾರ್ಯದರ್ಶಿಗಳ ಧ್ವನಿಗೆ ಸಹಾಯ ಮಾಡಿದೆ. ಅಂದರೆ ಅವರು ಭಾಷಣ ಮಾಡುವಲ್ಲಿಗೆಲ್ಲ ಮೈಕು ಹೊತ್ತುಕೊಂಡು ಹೋದೆ.

ಆ ಹುದ್ದೆಗೆ ಅರ್ಜಿ ಹಾಕುವ ಯೋಚನೆ ನಿಮಗಿದ್ದರೆ ಇದನ್ನು ಓದಿ. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ನನಗೆ ಒಂದೇ ಸಲ ಬಂತು. ಆಗ ಪ್ಲಾಸ್ಟಿಕ್ ಕುರ್ಚಿ ಹೋಗಿ ತಿರುಗುವ ಕುರ್ಚಿ ಸಿಕ್ಕಿತು. ಅದು ಬಲಗಡೆಗೆ ಮಾತ್ರ ತಿರುಗುತ್ತಿತ್ತು.

ನಮ್ಮದೊಂದು ಟ್ರಸ್ಟು. ತುಮಕೂರು ಸೀಮೆಯ ಜನಪದ ಹಾಡುಗಳನ್ನೂ ಹಳೆಯ ರಂಗಗೀತೆಗಳನ್ನೂ ಹಾಡುವವರು ಇರುವಾಗಲೇ ಹಿಡಿದಿಡಬೇಕು ಎಂಬುದು ಅದರ ಉದ್ದೇಶ. ಶೆಟ್ಟಿಹಳ್ಳಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆ. ಮುಂದಿನದು ಕಾರ್ಯದರ್ಶಿ ಚಂದ್ರಶೇಖರಯ್ಯನವರದು. ಅದರಲ್ಲಿ ಸೋಫಾ, ಫ್ಯಾನು, ಹಾರ ಹಾಕಿಸಿಕೊಂಡ ಫೋಟೋಗಳು. ಹಿಂದಿನದು ಹಾಡುಗಳದು, ಅದರಲ್ಲಿ ಒಂದು ಕಬ್ಬಿಣದ ಬೀರು, ಒಂದು ಮೇಜು ಮತ್ತು ನಾನು. ಚಂದ್ರಶೇಖರಯ್ಯನವರು ಕೆಟ್ಟವರಲ್ಲ. ಜನಪದದ ಬಗ್ಗೆ ಅವರಿಗೆ ಅಪಾರ ಗೌರವವಿತ್ತು. ಅದನ್ನು ಕೇಳುವ ಅಭ್ಯಾಸವೊಂದು ಇರಲಿಲ್ಲ ಅಷ್ಟೆ.

ಕ್ಯಾತ್ಸಂದ್ರದ ನನ್ನ ಮನೆಯಿಂದ ಟೇಪ್ ರೆಕಾರ್ಡರ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹಿಡಿದರೆ ಒಂದು ದಿನ ಗುಬ್ಬಿ, ಇನ್ನೊಂದು ದಿನ ಕುಣಿಗಲ್ಲು. ಗುಬ್ಬಿಯಲ್ಲಿ ಹಳೆಯ ನಾಟಕ ಕಂಪನಿಗಳಲ್ಲಿ ರಾಜನ ಪಾರ್ಟು ಮಾಡಿದ್ದ ಬಸವರಾಜಪ್ಪನವರು ಎಂಬ ನಟರಿದ್ದರು. ಅವರ ಮನೆಗೆ ಹೋದರೆ ಒಂದೂವರೆ ಗಂಟೆ ಕಾಯಿಸಿದರು. ಒಳಗೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಇದು ಟೇಪು, ಇದರಲ್ಲಿ ಮುಖ ಕಾಣುವುದಿಲ್ಲ ಎಂದೆ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ, “ಬಣ್ಣ ಇಲ್ದಿದ್ರೆ ಸ್ವರ ಏಳಲ್ಲ ತಾಯಿ” ಎಂದರು. ಕಿರೀಟವನ್ನೂ ಇಟ್ಟುಕೊಂಡು, ಹಾರ್ಮೋನಿಯಂ ಎಳೆದುಕೊಂಡು ಒಂಬತ್ತು ಹಾಡು ಹಾಡಿದರು. ಏದುಸಿರು ಬಿಡುತ್ತಿದ್ದ ಮನುಷ್ಯನಿಗೆ ಆ ಶಾರೀರ ಎಲ್ಲಿಂದ ಬಂತೋ ಕಾಣೆ. ಕಚೇರಿಯಲ್ಲಿ ಇದನ್ನು ಹೇಳಿದಾಗ ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ: ಬಣ್ಣ ಹಚ್ಚಿಕೊಂಡಿದ್ದರೆ ಫೋಟೋ ಯಾಕೆ ತೆಗೆಯಲಿಲ್ಲ?

ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಹಾಡುವವರು ಹೆಂಗಸರು. ಅವರಲ್ಲಿ ದೊಡ್ಡತಾಯಮ್ಮ ಎಂಬುವವರದು ಬಿರುಸಾದ ಕಂಠ. ರಾಗಿ ಬೀಸುವ ಪದ, ಸೋಬಾನೆ ಪದ, ಮದುವೆಯ ಕೊನೆಯಲ್ಲಿ ಹೆಣ್ಣೊಪ್ಪಿಸುವಾಗ ಹೇಳುವ ಪದ, ಎಲ್ಲ ಬರುತ್ತಿತ್ತು. ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಲೇ ಹಾಡಿದರು. ಸುಮ್ಮನೆ ಕೂತು ಹಾಡಿ ಎಂದರೆ ಪದವೇ ನೆನಪಾಗುವುದಿಲ್ಲ ಎಂದರು. ಹಾಗಾಗಿ ಆ ಟೇಪಿನ ತುಂಬ ಅವರೆಕಾಯಿ ಬಿಡಿಸುವ ಸದ್ದಿದೆ. ಅದನ್ನು ತೆಗೆಯಲು ಆಗುತ್ತದೆಯೇ ಎಂದು ಮುಂದೆ ಹಲವು ತಜ್ಞರು ಕೇಳಿದರು. ನಾನು ಆಗುವುದಿಲ್ಲ ಎಂದೇ ಹೇಳಿದೆ. ಆಗುತ್ತಿತ್ತು.

ನಮ್ಮ ಕಸುಬಿನಲ್ಲಿ ಮೊದಲ ದೊಡ್ಡ ಬದಲಾವಣೆ ಸೀಡಿ ಬಂದಾಗ ಆಯಿತು. ಕ್ಯಾಸೆಟ್ಟಿಗೆ ಬೂಸಲು ಬರುತ್ತದೆ, ಸೀಡಿ ನೂರು ವರ್ಷ ಇರುತ್ತದೆ ಎಂದು ಯಾರೋ ಕಾರ್ಯದರ್ಶಿಗಳಿಗೆ ಹೇಳಿದ್ದರು. ಎರಡು ವರ್ಷ ಕೂತು ಕ್ಯಾಸೆಟ್ಟುಗಳನ್ನೆಲ್ಲ ಸೀಡಿಗೆ ಇಳಿಸಿದೆ. ಇನ್ನೂರ ಹನ್ನೊಂದು ಸೀಡಿಗಳಾದವು. ಮೊದಮೊದಲು ಅವುಗಳ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಹೆಸರು ಬರೆದೆ. ಹಾಗೆ ಬರೆದ ಹತ್ತು ಸೀಡಿಗಳು ಆವತ್ತೇ ಕೆಟ್ಟವು, ಮತ್ತೆ ಮಾಡಬೇಕಾಯಿತು. ಸೀಡಿಯ ಹಾಡು ಇರುವುದು ಹೊಳೆಯುವ ಕೆಳಮೈಯಲ್ಲಿ ಎಂದುಕೊಂಡಿದ್ದೆ. ಅದು ನಾವು ಬರೆಯುವ ಮೇಲ್ಮೈಗೇ ಅಂಟಿಕೊಂಡಿರುತ್ತದೆ. ಮಾರ್ಕರ್ ಪೆನ್ನು ಬಳಸಿ, ಮೆಲ್ಲಗೆ ಬರೆಯಿರಿ. ಇದೊಂದು ಉಪಯುಕ್ತ ಮಾತನ್ನು ಈ ಲೇಖನದಲ್ಲಿ ಎಲ್ಲಾದರೂ ಹೇಳಬೇಕಿತ್ತು, ಹೇಳಿದೆ.

ಸೀಡಿ ಮುಗಿದ ವಾರವೇ ಕ್ಯಾಸೆಟ್ಟುಗಳು ಗುಜರಿಗೆ ಹೋದವು. ನೂರು ವರ್ಷದ್ದು ಇರುವಾಗ ಬೂಸಲಿನದು ಯಾಕೆ ಎಂದರು ಕಾರ್ಯದರ್ಶಿಗಳು. ಆಗ ನನಗೂ ನೂರು ವರ್ಷದ ಮೇಲೆ ನಂಬಿಕೆಯಿತ್ತು.

ಎರಡನೆಯ ಬದಲಾವಣೆ ಭಯದಿಂದ ಬಂತು. ನಮ್ಮ ಬೀದಿಯಲ್ಲೇ ಒಂದು ಕಚೇರಿಗೆ, ಕಂಪ್ಯೂಟರಿನಲ್ಲಿ ನಕಲಿ ಸಾಫ್ಟ್‌ವೇರ್ ಹಾಕಿಕೊಂಡಿದ್ದಾರೆಂದು ನೋಟಿಸು ಬಂತಂತೆ. ನಮ್ಮ ಎರಡೂ ಕಂಪ್ಯೂಟರಿನಲ್ಲಿ ಇದ್ದದ್ದು ಅಂಥದ್ದೇ ವಿಂಡೋಸ್. ಕಾರ್ಯದರ್ಶಿಗಳು ಮಧ್ಯಾಹ್ನದ ಊಟ ಬಿಟ್ಟು ಗುಬ್ಬಿಯ ಮಧುಸೂದನನಿಗೆ ಫೋನ್ ಮಾಡಿಸಿದರು. ಮಧುಸೂದನ ಐವತ್ತರ ಹತ್ತಿರದ ಮನುಷ್ಯ, ಗುಬ್ಬಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ವಿಂಡೋಸ್ ಬದಲಿಗೆ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂದರೆ ಅವನಿಗೆ ಪ್ರಾಣ. ಯಾರ ಮನೆಯ ಕಂಪ್ಯೂಟರಿಗೆ ಏನೇ ಕಾಯಿಲೆಯಾದರೂ ಅವನು ಹೇಳುತ್ತಿದ್ದ ಮದ್ದು ಅದೊಂದೇ. ಲಿನಕ್ಸಿಗೆ ಲೈಸೆನ್ಸ್ ಕೇಳುವವರಿಲ್ಲ, ವೈರಸ್ಸೂ ಬರುವುದಿಲ್ಲ ಎಂದು ಅವನು ಹೇಳಿದ. ವೈರಸ್ ಬರುವುದಿಲ್ಲ ಎಂದ ಮೇಲೆ, ಕಂಪ್ಯೂಟರಿಗೆ ವೈರಸ್ ಹತ್ತದಿರಲೆಂದು ನನ್ನ ಕೋಣೆಗೆ ಹಾಕಿಸಿದ್ದ ಏಸಿ ಇನ್ನು ಯಾಕೆ ಎಂದು ಕಾರ್ಯದರ್ಶಿಗಳಿಗೆ ಹೊಳೆಯಿತು. ಅದು ಅವರ ಕೋಣೆಗೆ ಹೋಯಿತು. ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬ ಬೋರ್ಡೂ ಅದರ ಹಿಂದೆಯೇ ಹೋಯಿತು.

ಮೆನುಗಳೆಲ್ಲ ಕನ್ನಡದಲ್ಲೇ ಇರಬೇಕು ಎಂದು ಕಾರ್ಯದರ್ಶಿಗಳು ಆಸೆಪಟ್ಟರು. ಲಿನಕ್ಸಿನಲ್ಲಿ ಅದಕ್ಕೂ ಅನುಕೂಲವಿತ್ತು. ಮಧುಸೂದನ ಹಾಕಿಕೊಟ್ಟ. ಅಲ್ಲಿಂದ ಮುಂದೆ ನಾನು ನನ್ನ ಮಾತೃಭಾಷೆಯಲ್ಲೇ ದಾರಿ ತಪ್ಪತೊಡಗಿದೆ. ಫೈಲು ‘ಕಡತ’ವಾಯಿತು, ಫೋಲ್ಡರ್ ‘ಕಡತಕೋಶ’ವಾಯಿತು. ಅದನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು ಕೂಲಿ ಕೇಳದೆ ದುಡಿದವರು. ಅವರ ತಪ್ಪೇನೂ ಇಲ್ಲ, ತಪ್ಪೆಲ್ಲ ನನ್ನದೇ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಸೀಡಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಬೇಕೆಂದು ತೀರ್ಮಾನವಾಯಿತು. ಕೆಲಸ ಸುಲಭವಾಗಿತ್ತು. ಸೀಡಿ ಹಾಕಿದರೆ ಪರದೆಯ ಮೇಲಿನ ಮ್ಯೂಸಿಕ್ ಪ್ಲೇಯರ್‌ನ ಎಡಗಡೆ ಅದರ ಹೆಸರು ಬರುತ್ತದೆ, ಅದನ್ನು ಒತ್ತಿದರೆ ಬಲಗಡೆ ಹಾಡುಗಳ ಪಟ್ಟಿ. ಬೇಕಾದವಕ್ಕೆ ಟಿಕ್ ಹಾಕಿ ‘ಹೊರತೆಗೆ’ ಎಂಬ ಗುಂಡಿ ಒತ್ತಿದರೆ ಎಂಟು ಹತ್ತು ನಿಮಿಷದಲ್ಲಿ ಹಾಡುಗಳು ಕಂಪ್ಯೂಟರಿನೊಳಗೆ ಬಂದು ಕೂರುತ್ತವೆ. ಹಾಡಿನ ಮತ್ತು ಹಾಡಿದವರ ಹೆಸರನ್ನು ಕೂಡ ಪ್ಲೇಯರ್ ತಾನೇ ಇಂಟರ್ನೆಟ್ಟಿನಿಂದ ಹುಡುಕಿ ತರುತ್ತದೆ ಎಂದ ಮಧುಸೂದನ. ಕುಣಿಗಲ್ಲಿನ ಹೆಂಗಸರ ಹೆಸರು ಇಂಟರ್ನೆಟ್ಟಿಗೆ ಹೇಗೆ ಗೊತ್ತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಹೊಸ ತಂತ್ರಜ್ಞಾನದ ಮುಂದೆ ಪ್ರಶ್ನೆ ಕೇಳಿದರೆ ವಯಸ್ಸಾಯಿತು ಎನ್ನುತ್ತಾರೆ.

ಮೊದಲ ದಿನದ ಉದ್ಘಾಟನೆಗೆ ಬೆಂಗಳೂರಿನಿಂದ ಇಬ್ಬರು ಅತಿಥಿಗಳು ಬಂದಿದ್ದರು. ಪ್ರೊಜೆಕ್ಟರ್ ಹಾಕಿ, ರಾಗಿ ಬೀಸುವ ಪದಗಳ ಸೀಡಿಯನ್ನು ಕಾರ್ಯದರ್ಶಿಗಳ ಕೈಯಿಂದಲೇ ಹಾಕಿಸಿದೆವು. ಗೋಡೆಯ ಮೇಲೆ ಹೆಸರು ಮೂಡಿತು. ಅದು ಯಾವುದೋ ದೂರದೇಶದ ಡ್ಯಾನ್ಸ್ ಬ್ಯಾಂಡಿನ ಹೆಸರು. ಕೆಳಗೆ ಹನ್ನೊಂದು ಹಾಡುಗಳ ಹೆಸರು. ಒಂದರಲ್ಲೂ ರಾಗಿ ಇರಲಿಲ್ಲ. ಆಮೇಲೆ ಮಧುಸೂದನ ವಿವರಿಸಿದ: ಪ್ಲೇಯರ್ ಹಾಡನ್ನು ಕೇಳುವುದಿಲ್ಲ, ಒಂದೊಂದು ಹಾಡು ಎಷ್ಟು ನಿಮಿಷ ಎಷ್ಟು ಸೆಕೆಂಡು ಇದೆ ಎಂದಷ್ಟೇ ಅಳೆದು, ಇದೇ ಅಳತೆಯ ಸೀಡಿ ಲೋಕದಲ್ಲಿ ಯಾವುದಿದೆ ಎಂದು ವಿಚಾರಿಸುತ್ತದೆ. ಎತ್ತರ ಒಂದೇ ಇದೆ ಎಂದು ಗಂಡು ಹೆಣ್ಣು ಗೊತ್ತು ಮಾಡಿದ ಹಾಗೆ. ಆ ಹೊತ್ತಿಗೆ ಇದು ಯಾರಿಗೂ ಗೊತ್ತಿರಲಿಲ್ಲ. ಅತಿಥಿಗಳಲ್ಲೊಬ್ಬರು ಕಣ್ಣು ಮುಚ್ಚಿ ಕೇಳಿ, ಇದು ಫ್ಯೂಷನ್ ಪ್ರಯೋಗವೇ ಎಂದರು. ಕಾರ್ಯದರ್ಶಿಗಳು ತಡವರಿಸದೆ ಹೌದು ಎಂದರು.

ಅವರು ಹೋದ ಮೇಲೆ ನನ್ನ ಕೋಣೆಯ ಇಂಟರ್ನೆಟ್ ತಂತಿ ಕಿತ್ತುಹಾಕಲಾಯಿತು. ನಮ್ಮ ಹಾಡಿಗೆ ಪರದೇಶದ ಹೆಸರು ಬೇಡ ಎಂಬುದು ಆದೇಶ. ಇನ್ನು ಹೆಸರುಗಳನ್ನು ನಾನೇ ಟೈಪ್ ಮಾಡಬೇಕಿತ್ತು. ಆದರೆ ದಿನಕ್ಕೆ ಹನ್ನೆರಡು ಸೀಡಿ ಮುಗಿಯಬೇಕು ಎಂದೂ ಅದೇ ಆದೇಶದಲ್ಲಿತ್ತು. ಒಂದೊಂದು ಹಾಡಿಗೂ ಹೆಸರು, ಊರು, ಹಾಡಿದವರು ಎಂದು ಕೂತರೆ ದಿನಕ್ಕೆ ಮೂರು ಮುಗಿದರೆ ಹೆಚ್ಚು. ಕಾರ್ಯದರ್ಶಿಗಳನ್ನು ಕೇಳಿದೆ. ಹೆಸರು ಆಮೇಲೆ ನೋಡೋಣ, ಮೊದಲು ಹಾಡು ಒಳಗೆ ಹೋಗಲಿ ಎಂದರು. ನನಗೂ ಅದೇ ಬೇಕಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸೀಡಿ ಹಾಕಿ ‘ಹೊರತೆಗೆ’ ಒತ್ತಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ಹೆಸರಿನ ಕಡತ ಈಗಾಗಲೇ ಅಸ್ತಿತ್ವದಲ್ಲಿದೆ, ತಿದ್ದಿಬರೆಯಬೇಕೆ?

ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟರು. ಮನೆಯಲ್ಲಿ ತಪ್ಪು ಬರೆದರೆ ‘ತಿದ್ದಿ ಬರಿ’ ಎನ್ನುತ್ತಿದ್ದರು. ತಿದ್ದಿ ಬರೆಯುವುದು ಒಳ್ಳೆಯ ಕೆಲಸವೆಂದು ನಾನು ಬೆಳೆದದ್ದೇ ಹಾಗೆ. ಕಂಪ್ಯೂಟರ್ ಏನೋ ತಪ್ಪು ಕಂಡುಹಿಡಿದಿದೆ, ತಿದ್ದುತ್ತೇನೆ ಎನ್ನುತ್ತಿದೆ, ಪಾಪ, ತಿದ್ದಲಿ ಎಂದುಕೊಂಡು ‘ಹೌದು’ ಒತ್ತಿದೆ. ಪ್ರತಿ ಹಾಡಿಗೂ ಕೇಳತೊಡಗಿತು. ‘ಎಲ್ಲವನ್ನೂ’ ಎಂಬ ಗುಂಡಿಯಿತ್ತು, ಅದನ್ನು ಒತ್ತಿದೆ. ಹದಿನೆಂಟು ದಿನ ಒತ್ತಿದೆ. ಇಷ್ಟು ವಿನಯವಾಗಿ ಅನುಮತಿ ಕೇಳಿ ಕೆಲಸ ಮಾಡುವ ಸಹೋದ್ಯೋಗಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಹದಿನೆಂಟನೆಯ ದಿನ ಬಸವರಾಜಪ್ಪನವರ ಸೀಡಿ ಹಾಕಿ ಕೆಲಸ ಮುಗಿಸಿದೆ. ಕಾರ್ಯದರ್ಶಿಗಳು ಸಿಹಿ ತರಿಸಿದರು. ಸಂಗ್ರಹ ಸಂಪೂರ್ಣವಾಗಿ ಗಣಕೀಕರಣಗೊಂಡಿದೆ ಎಂದು ವರದಿ ಸಿದ್ಧವಾಯಿತು, ಸಹಿಯಾಯಿತು, ಅನುದಾನ ಕೊಟ್ಟವರಿಗೆ ಹೋಯಿತು. ಮಾರನೆಯ ವಾರ ನಾನು ಎರಡು ದಿನ ರಜೆ ಹಾಕಿದ್ದೆ. ಬಂದು ನೋಡಿದರೆ ಬೀರುವಿನಲ್ಲಿ ಸೀಡಿಗಳಿರಲಿಲ್ಲ. ಶಾಲು, ಫಲಕ, ನೆನಪಿನ ಕಾಣಿಕೆಗಳಿದ್ದವು. ಕಾರ್ಯದರ್ಶಿಗಳಿಗೆ ಮೂವತ್ತು ವರ್ಷದಲ್ಲಿ ಬಂದ ಸನ್ಮಾನಗಳಿಗೆ ಜಾಗ ಸಾಲದಾಗಿತ್ತಂತೆ. ಹೇಗೂ ಎಲ್ಲ ಕಂಪ್ಯೂಟರಿಗೆ ಹೋಗಿದೆಯಲ್ಲ ಎಂದು ಸೀಡಿಗಳನ್ನು ವಾಚ್‌ಮನ್ ನಂಜುಂಡಪ್ಪನಿಗೆ ಕೊಟ್ಟು ಖಾಲಿ ಮಾಡಿಸಿದ್ದರು. ನನಗೆ ಒಂದಿಷ್ಟು ಬೇಸರವಾಯಿತು. ಭಯವೇನೂ ಆಗಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ.

ಅದಾಗಿ ಹತ್ತು ದಿನಕ್ಕೆ ಕುಣಿಗಲ್ ಕಡೆಯಿಂದ ರತ್ನಮ್ಮ ಎಂಬ ಹೆಂಗಸು ಬಂದರು. ಶಾಲೆಯ ಬಿಸಿಯೂಟದ ಅಡುಗೆ ಕೆಲಸ. ರಜೆ ಹಾಕಿ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಬಾಗಿಲಲ್ಲೇ ನಿಂತು, “ನಾನು ದೊಡ್ಡತಾಯಮ್ಮನ ಮಗಳು ಮೇಡಂ. ನೀವು ನಮ್ಮನೇಗೆ ಬಂದಾಗ ನಾನೇ ಕಾಪಿ ಕೊಟ್ಟಿದ್ದು” ಎಂದರು. ದೊಡ್ಡತಾಯಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ ರತ್ನಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಅವರ ಮನೆಯಲ್ಲಿ ಹೆಣ್ಣೊಪ್ಪಿಸುವ ಪದ ಹೇಳದೆ ಹುಡುಗಿಯನ್ನು ಕಳಿಸುವ ಪದ್ಧತಿಯಿಲ್ಲ, ಆ ಪದ ಅವರ ತಾಯಿಗೆ ಬಿಟ್ಟರೆ ಊರಿನಲ್ಲಿ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

“ನಂಗೂ ಬರಲ್ಲ ಮೇಡಂ. ಮೊದ್ಲೆರಡು ಸಾಲು, ಅಷ್ಟೇಯ. ಅವ್ವ ಇದ್ದಾಗ ಕಲೀಲಿಲ್ಲ. ಅವ್ಳೇ ಹೇಳ್ತಾಳಲ್ಲ ಅಂತ ಸುಮ್ಕಿದ್ದೆ. ನಿಮ್ತಾವ ಐತಲ್ಲ, ಒಂದು ಸಲ ಕೇಳ್ಸಿ, ಬರ್ಕೊಂಡು ಹೋಯ್ತೀನಿ.”

ಅವರನ್ನು ಕೂರಿಸಿ, ಹೆಮ್ಮೆಯಿಂದಲೇ ಪ್ಲೇಯರ್ ತೆರೆದೆ. ‘ಅಜ್ಞಾತ ಕಲಾವಿದ’ ಎಂದು ಒಂದು ಕಡತಕೋಶ. ಅದರೊಳಗೆ ‘ಅಜ್ಞಾತ ಆಲ್ಬಂ’ ಎಂದು ಇನ್ನೊಂದು. ಅದರೊಳಗೆ ಹದಿನಾಲ್ಕು ಹಾಡು. ಅಷ್ಟೇ. ಮುಚ್ಚಿ ತೆರೆದೆ. ಹದಿನಾಲ್ಕೇ. ಮೊದಲ ಒಂಬತ್ತು ಬಸವರಾಜಪ್ಪನವರದು. ಹತ್ತು, ಹನ್ನೊಂದು ಯಾರದೋ ತತ್ವಪದ. ಕೊನೆಯ ಮೂರು ಇನ್ಯಾರದೋ. ನಿಧಾನವಾಗಿ ಅರ್ಥವಾಯಿತು. ಹೆಸರಿಲ್ಲದ ಹಾಡುಗಳಿಗೆಲ್ಲ ಕಂಪ್ಯೂಟರ್ ಒಂದೇ ಹೆಸರು ಕೊಟ್ಟಿತ್ತು. ಒಂದು, ಎರಡು, ಮೂರು. ಪ್ರತಿ ಹೊಸ ಸೀಡಿಯ ಒಂದನೆಯ ಹಾಡು ಹಿಂದಿನ ಸೀಡಿಯ ಒಂದನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು. ‘ತಿದ್ದಿಬರೆಯುವುದು’ ಎಂದರೆ ಅದರ ಭಾಷೆಯಲ್ಲಿ ಹಳೆಯದನ್ನು ಅಳಿಸಿ ಬರೆಯುವುದು. ಪ್ರತಿ ಸಲವೂ ನನ್ನನ್ನು ಕೇಳಿಯೇ ಕೂತಿತ್ತು. ಕೊನೆಯ ಸೀಡಿಯಲ್ಲಿ ಒಂಬತ್ತೇ ಹಾಡಿದ್ದರಿಂದ ಅದರ ಹಿಂದಿನವುಗಳ ಬಾಲ ಮಾತ್ರ ಉಳಿದಿತ್ತು.

ರತ್ನಮ್ಮ ಚೀಲದಿಂದ ನೋಟ್‌ಬುಕ್ಕು ತೆಗೆದು, ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಸರ್ವರ್ ಡೌನ್ ಆಗಿದೆ, ಹದಿನೈದು ದಿನ ಬಿಟ್ಟು ಬನ್ನಿ ಎಂದೆ. ನಮ್ಮಲ್ಲಿ ಸರ್ವರ್ ಎಂಬ ವಸ್ತುವೇ ಇರಲಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿ, ಮದುವೆ ಇನ್ನೂ ಒಂದೂವರೆ ತಿಂಗಳಿದೆ, ಪರವಾಗಿಲ್ಲ ಎಂದು ನನಗೇ ಸಮಾಧಾನ ಹೇಳಿ ಹೋದರು.

ಕಾರ್ಯದರ್ಶಿಗಳ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಏಸಿಯನ್ನೇ ನೋಡಿದರು.

“ರೀ ವನಜಾಕ್ಷಿ, ಮುಗಿದಿದೆ ಅಂತ ನಾನು ಸೈನ್ ಹಾಕಿ ಕಳಿಸಿದೀನಿ. ಈಗ ಮುಗಿದಿಲ್ಲ ಅಂದ್ರೆ ಹೇಗ್ರೀ?”

“ಹಾಡುಗಳೇ ಇಲ್ಲ ಸಾರ್.”

“ಹದಿನಾಲ್ಕು ಇದೆ ಅಂದ್ರಲ್ಲ. ಅದನ್ನೇ ಬೇರೆ ಬೇರೆ ಹೆಸರಲ್ಲಿ ಕಾಪಿ ಮಾಡಿಡಿ. ಅದನ್ನ ಕೇಳೋರು ಯಾರಿದಾರೆ?”

“ಈಗ ತಾನೇ ಒಬ್ರು ಕೇಳ್ಕೊಂಡು ಬಂದಿದ್ರು ಸಾರ್.”

ಅವರು ಮಾತು ಬದಲಿಸಿ, ನನ್ನ ನಿವೃತ್ತಿಗೆ ಎಷ್ಟು ದಿನ ಉಳಿದಿದೆ ಎಂದು ವಿಚಾರಿಸಿದರು. ಹದಿನಾಲ್ಕು ತಿಂಗಳು ಎಂದೆ. ಅದರ ಅರ್ಥ ಇಬ್ಬರಿಗೂ ಆಯಿತು. ನಾನು ಹೊರಗೆ ಬಂದು ನಂಜುಂಡಪ್ಪನನ್ನು ಹುಡುಕಿದೆ.

ನಂಜುಂಡಪ್ಪನ ಊರು ಹುತ್ರಿದುರ್ಗ. ಸೀಡಿ ಏನು ಮಾಡಿದೆ ಎಂದು ಕೇಳಿದರೆ ಮೊದಲು ಹೆದರಿದ, ಆಮೇಲೆ ಹೇಳಿದ. ಬಿಸಾಕಲು ಮನಸ್ಸಾಗದೆ ಊರಿಗೆ ಹೊತ್ತುಕೊಂಡು ಹೋಗಿದ್ದ. ರಾಗಿ ತೆನೆ ಕಟ್ಟಿದ್ದ ಕಾಲ, ಹೊಲದ ಸುತ್ತ ಸಜ್ಜೆ ಹಾಕಿದ್ದರು, ಗಿಳಿಗಳ ಕಾಟ. ಸೀಡಿ ಬಿಸಿಲಿಗೆ ಫಳಫಳ ಹೊಳೆದರೆ ಹಕ್ಕಿ ಬರುವುದಿಲ್ಲ ಎಂದು ದಾರ ಹಾಕಿ ಕಟ್ಟಿದ್ದ.

ಮಾರನೆಯ ದಿನ ರಜೆ ಹಾಕಿ ಅವನ ಜೊತೆ ಹೊರಟೆ. ಬೆಟ್ಟದ ತಪ್ಪಲಿನಲ್ಲಿ ಅವನ ಹೊಲ. ದೂರದಿಂದಲೇ ಕಣ್ಣಿಗೆ ಹೊಡೆಯಿತು. ಗೂಟದಿಂದ ಗೂಟಕ್ಕೆ ದಾರ, ದಾರದ ತುಂಬ ನನ್ನ ಇಪ್ಪತ್ತೈದು ವರ್ಷ, ಗಾಳಿಗೆ ತಿರುಗುತ್ತಿತ್ತು. ಸೋಬಾನೆಯೂ ತತ್ವಪದವೂ ಒಂದಕ್ಕೊಂದು ತಾಗಿ ಟಿಕಿಟಿಕಿ ಎನ್ನುತ್ತಿದ್ದವು. ಟ್ರಸ್ಟು ಶುರುವಾದ ಮೇಲೆ ನಮ್ಮ ಸಂಗ್ರಹದಿಂದ ಒಬ್ಬರಿಗಾದರೂ ನೇರವಾಗಿ ಉಪಯೋಗವಾದದ್ದನ್ನು ನಾನು ನೋಡಿದ್ದು ಅಲ್ಲೇ.

ನಾನು ಬಿಚ್ಚತೊಡಗಿದೆ. ನಂಜುಂಡಪ್ಪನ ಹೆಂಡತಿ ಜಯಮ್ಮ ಕುಡುಗೋಲು ಹಿಡಿದುಕೊಂಡೇ ಬಂದರು.

“ಇವು ಕಟ್ದಾಗ್ನಿಂದ ಒಂದು ಗಿಳಿ ಈ ಕಡೀಕೆ ತಲೆ ಹಾಕಿಲ್ಲ ಕಣಮ್ಮ. ಬಿಚ್ಕೊಂಡು ಹೋದ್ರೆ ನಾನೇ ಬಂದು ನಿಂತ್ಕಬೇಕಾಯ್ತದೆ.”

“ಬುಡೇ, ಆಫೀಸಿಂದು” ಎಂದ ನಂಜುಂಡಪ್ಪ.

“ಆಫೀಸಿಂದಾದ್ರೆ ಆಫೀಸ್ನೋರು ಯಾಕ್ ಕೊಟ್ರು?”

ಆ ಸೀಡಿಗಳಲ್ಲಿ ಏನಿದೆ ಎಂದು ಹೇಳಿದೆ. ದೊಡ್ಡತಾಯಮ್ಮನ ಹೆಸರು ಹೇಳಿದೆ, ಮದುವೆಯ ವಿಷಯ ಹೇಳಿದೆ. ಜಯಮ್ಮ ಕುಡುಗೋಲನ್ನು ಬದುವಿನ ಮೇಲಿಟ್ಟು, ಹೆಣ್ಣೊಪ್ಪಿಸೋ ಪದವಾ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಅಷ್ಟೇ ಹೊಳೆಯುವಂಥದ್ದು ಬೇರೆ ತಂದುಕೊಟ್ಟು ಇವನ್ನು ತೆಗೆದುಕೊಂಡು ಹೋಗಿ ಎಂದು ತೀರ್ಪು ಕೊಟ್ಟರು. ನ್ಯಾಯವಾಗಿತ್ತು. ಕಚೇರಿಯ ಅಟ್ಟದ ಮೇಲೆ ನೋಟಿಸಿನ ಭಯಕ್ಕೆ ಬಚ್ಚಿಟ್ಟಿದ್ದ ನಕಲಿ ವಿಂಡೋಸ್ ಸೀಡಿಗಳು, ಪ್ರಿಂಟರ್ ಜೊತೆ ಬಂದ ಸೀಡಿಗಳು, ಕಂಪ್ಯೂಟರ್ ಮಾಸಿಕಗಳ ಜೊತೆ ಪುಕ್ಕಟೆ ಕೊಡುತ್ತಿದ್ದವು, ಎಲ್ಲ ಸೇರಿ ಒಂದು ಚೀಲವಾದವು. ಎರಡು ದಿನ ಬಿಟ್ಟು ಹೋಗಿ ಜಯಮ್ಮನ ಜೊತೆ ನಿಂತು ಒಂದೊಂದನ್ನೇ ಬದಲಾಯಿಸಿದೆ. ಗಿಳಿಗಳಿಗೆ ವ್ಯತ್ಯಾಸ ತಿಳಿಯಲಿಲ್ಲ ಎಂದು ನಂಜುಂಡಪ್ಪ ಆಮೇಲೆ ವರದಿ ಮಾಡಿದ.

ಮೂವತ್ತೆರಡು ಸೀಡಿ ಸಿಗಲೇ ಇಲ್ಲ. ಅಕ್ಕಪಕ್ಕದ ಹೊಲದವರು ಒಯ್ದಿದ್ದರು, ಮಕ್ಕಳು ಸೈಕಲ್ ಚಕ್ರಕ್ಕೆ ಕಟ್ಟಿದ್ದರು, ಒಂದೆರಡು ಒಡೆದಿದ್ದವು. ಕೆಲವಕ್ಕೆ ದಾರ ಪೋಣಿಸಲು ಅಂಚಿನಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿದ್ದರು. ಉಳಿದವುಗಳಲ್ಲಿ ಬಿಸಿಲಿಗೆ ಮಾರ್ಕರ್ ಅಕ್ಷರ ಮಾಸಿ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಮಧುಸೂದನ ಗುಬ್ಬಿಯಿಂದ ಬಂದು ಎರಡು ದಿನ ನನ್ನ ಜೊತೆ ಕೂತ. ಸೀಡಿಯನ್ನು ಸಾಬೂನು ನೀರಿನಲ್ಲಿ ತೊಳೆದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ಒರೆಸಬಾರದು ಎಂದು ತೋರಿಸಿದ. ಗೀರು ಬಿದ್ದ ಜಾಗವನ್ನು ಬಿಡದೆ ಮತ್ತೆ ಮತ್ತೆ ಓದಿ ನೋಡುವ ಒಂದು ನಿಧಾನದ ಕ್ರಮವೂ ಲಿನಕ್ಸಿನಲ್ಲಿತ್ತು. ಎಂಟು ನಿಮಿಷದ ಸೀಡಿಗೆ ಮೂರು ಗಂಟೆ. ಆಸ್ಪತ್ರೆಯ ವರಾಂಡದಲ್ಲಿ ಕೂತ ಹಾಗೆ ಕೂರುತ್ತಿದ್ದೆ. ಈ ಸಲ ಪ್ರತಿ ಹಾಡಿಗೂ ಹೆಸರು, ಊರು, ಹಾಡಿದವರು ಎಲ್ಲ ಟೈಪ್ ಮಾಡಿದೆ. ದಿನಕ್ಕೆ ಹನ್ನೆರಡರ ಆದೇಶ ಯಾರೂ ನೆನಪಿಸಲಿಲ್ಲ, ಏಕೆಂದರೆ ದಾಖಲೆಯಲ್ಲಿ ಆ ಕೆಲಸ ಮುಗಿದುಹೋಗಿತ್ತು. ಮುಗಿದ ಕೆಲಸವನ್ನು ಮಾಡುವಷ್ಟು ನೆಮ್ಮದಿ ಇನ್ನೊಂದರಲ್ಲಿ ಇಲ್ಲ.

ದೊಡ್ಡತಾಯಮ್ಮನ ಸೀಡಿ ಸಿಕ್ಕಿದ್ದು ಐದನೆಯ ದಿನ. ಸ್ಪೀಕರಿನಲ್ಲಿ ಅವರೆಕಾಯಿ ಬಿಡಿಸುವ ಸದ್ದು ಕೇಳಿದಾಗಲೇ ಗೊತ್ತಾಯಿತು. ಗೂಟಕ್ಕೆ ಉಜ್ಜಿ ಉಜ್ಜಿ ಒಂದು ಕಡೆ ಆಳವಾದ ಗೀರು ಬಿದ್ದಿತ್ತು. ಏಳು ಹಾಡುಗಳಲ್ಲಿ ಐದು ಚೆನ್ನಾಗಿ ಬಂದವು, ಒಂದು ಹೋಯಿತು. ಹೆಣ್ಣೊಪ್ಪಿಸುವ ಪದ ಬಂತು, ಆದರೆ ಮಧ್ಯದಲ್ಲಿ ಒಂದು ಕಡೆ ಸುಮಾರು ಎರಡು ಸಾಲಿನಷ್ಟು ಬರೀ ಮೌನ. ಮೂರು ಸಲ ಮತ್ತೆ ಓದಿಸಿದೆ. ಮೂರು ಸಲವೂ ಅಷ್ಟೇ ಮೌನ.

ಹೇಳಿದ ದಿನಕ್ಕೆ ಸರಿಯಾಗಿ ರತ್ನಮ್ಮ ಬಂದರು. ಈ ಸಲ ಸುಳ್ಳು ಹೇಳಲಿಲ್ಲ. ಸರ್ವರ್ ಇಲ್ಲ, ತಪ್ಪು ನನ್ನದು, ನಿಮ್ಮ ತಾಯಿಯ ಒಂದು ಹಾಡು ಹೋಗಿದೆ, ನಿಮಗೆ ಬೇಕಾದದ್ದು ಉಳಿದಿದೆ, ಆದರೆ ನಡುವೆ ಎರಡು ಸಾಲಿಲ್ಲ ಎಂದೆ. ಅವರು, ಇದ್ದಷ್ಟು ಕೇಳಿಸಿ ಎಂದರು. ಹೆಡ್‌ಫೋನ್ ಹಾಕಿಕೊಟ್ಟೆ. ನೋಟ್‌ಬುಕ್ಕು ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲಿತ್ತು.

ಹಾಡು ಶುರುವಾಯಿತು. ಅವರು ಒಂದಕ್ಷರವನ್ನೂ ಬರೆಯಲಿಲ್ಲ. ಕಣ್ಣು ಮುಚ್ಚಿದರು, ತುಟಿ ಅಲುಗತೊಡಗಿತು, ಮೆಲ್ಲಗೆ ಜೊತೆಯಲ್ಲಿ ಹಾಡತೊಡಗಿದರು. ಕಿವಿ ಮುಚ್ಚಿದ್ದರಿಂದ ತಮ್ಮ ದನಿ ಏರುತ್ತಿರುವುದು ಅವರಿಗೆ ತಿಳಿಯಲಿಲ್ಲ. ನಾನು ಪರದೆಯ ಮೇಲೆ ಹಾಡು ಸರಿಯುವುದನ್ನೇ ನೋಡುತ್ತಿದ್ದೆ. ಮೌನದ ಜಾಗ ಬಂತು. ರತ್ನಮ್ಮ ನಿಲ್ಲಲಿಲ್ಲ. ಆ ಎರಡು ಸಾಲನ್ನು ತಾಯಿಯ ಹಾಗೆಯೇ ಕೊನೆಯಲ್ಲಿ ಒಂದಿಷ್ಟು ಎಳೆದು ಹಾಡಿ, ದೊಡ್ಡತಾಯಮ್ಮ ಮತ್ತೆ ಶುರುಮಾಡುವ ಹೊತ್ತಿಗೆ ಸರಿಯಾಗಿ ಜೊತೆಗೂಡಿದರು. ಮುಂದಿನ ಕೋಣೆಯಿಂದ ಕಾರ್ಯದರ್ಶಿಗಳು ಎದ್ದು ಬಂದು ಬಾಗಿಲಲ್ಲಿ ನಿಂತರು.

ಹಾಡು ಮುಗಿಯಿತು. ರತ್ನಮ್ಮ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡರು.

“ಎಲ್ಲೂ ನಿಂತೇ ಇಲ್ವಲ್ಲ ಮೇಡಂ. ಪೂರ್ತಿ ಐತೆ. ನೀವ್ಯಾಕೆ ಹಂಗೆ ಹೆದ್ರುಸ್ಬುಟ್ರಿ?”

ಇನ್ನೊಂದು ಸಲ ಕೇಳಿ ಎಂದು ಹೆಡ್‌ಫೋನನ್ನು ಮತ್ತೆ ಅವರ ಕಿವಿಗೆ ಇಟ್ಟೆ. ಬೀರುವಿನಲ್ಲಿದ್ದ ಶಾಲುಗಳ ಹಿಂದಿನಿಂದ ಮೈಕು ತೆಗೆದು ಅವರ ಮುಂದಿಟ್ಟು, ರೆಕಾರ್ಡಿಂಗ್ ಆನ್ ಮಾಡಿ, ಹಾಡನ್ನು ಮೊದಲಿನಿಂದ ಹಾಕಿದೆ.